ಕೋಟೆಬಾಗಿಲ ಬಾಡಿಗೆದಾರ

ಇತಿಹಾಸ ಪಾಠ ಮಾಡುವವರಿಗೆ ಒಂದು ದೊಡ್ಡ ಅನುಕೂಲವಿದೆ. ನಾವು ಕ್ಲಾಸಿನಲ್ಲಿ ಯಾವ ದೊರೆಯನ್ನು ಎಷ್ಟು ಬೈದರೂ, ಯಾರ ಕೋಟೆಯನ್ನು ಎಷ್ಟು ಸಲ ಕೆಡವಿದರೂ, ಸಂಜೆ ಮನೆ ಬಾಗಿಲಿಗೆ ಬಂದು 'ಯಾಕ್ರೀ ಹಂಗಂದ್ರಿ?' ಎಂದು ಕೇಳುವವರು ಇರುವುದಿಲ್ಲ. ಎಲ್ಲರೂ ತೀರಿಕೊಂಡಿರುತ್ತಾರೆ. ಗಣಿತದ ಮೇಷ್ಟ್ರ ಲೆಕ್ಕ ತಪ್ಪಿದರೆ ಹಿಂದಿನ ಬೆಂಚಿನವನೂ ಹಿಡಿದುಬಿಡುತ್ತಾನೆ; ನಾನು ಒಬ್ಬ ಸಾಮಂತನನ್ನು ಅವನ ಚಿಕ್ಕಪ್ಪನ ಮಗನ ಜೊತೆ ಅದಲುಬದಲು ಮಾಡಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಬನಶಂಕರಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಹೀಗೆ ನೆಮ್ಮದಿಯಾಗಿ ರಾಜ್ಯಗಳನ್ನು ಕಟ್ಟುತ್ತಾ ಬೀಳಿಸುತ್ತಾ ಇದ್ದ ನನಗೆ ಬಾಡಿಗೆಗೆ ಸಿಕ್ಕಿದ್ದು ಒಂದು ಕೋಟೆ. ಅದೂ ದೊರೆ ಜೀವಂತವಾಗಿರುವ ಕೋಟೆ. ದೊರೆ ದಿನಾ ಬೆಳಿಗ್ಗೆ ಬನಿಯನ್ನು ಪಂಚೆಯಲ್ಲಿ ಹಾಲು ತರಲು ಹೋಗುತ್ತಾರೆ. ದಾರಿಯಲ್ಲಿ ನನ್ನನ್ನು ಕಂಡರೆ 'ಏನ್ ಮೇಷ್ಟ್ರೇ, ನೀರು ಬಂತಾ?' ಎಂದು ವಿಚಾರಿಸುತ್ತಾರೆ. ನಾನು ಓದಿದ ಯಾವ ದೊರೆಯೂ ಪ್ರಜೆಗಳ ನೀರಿನ ಬಗ್ಗೆ ಇಷ್ಟು ನಿಗಾ ಇಟ್ಟದ್ದು ನನಗೆ ತಿಳಿದಿಲ್ಲ.

ಕತ್ರಿಗುಪ್ಪೆಯಿಂದ ಗಿರಿನಗರದ ಕಡೆ ಹೋಗುವಾಗ ಒಳರಸ್ತೆಯೊಂದರ ಕೊನೆಯಲ್ಲಿ ಒಂದು ದೊಡ್ಡ ಬಂಡೆಯಿದೆ. ಸುತ್ತಲೂ ಮೂರು ಮಹಡಿ, ನಾಲ್ಕು ಮಹಡಿ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿದ್ದರೂ ಬಂಡೆ ಮಾತ್ರ ತನ್ನ ಪಾಡಿಗೆ ತಾನು, ಮಲಗಿದ ಆನೆಯ ಹಾಗೆ, ಇನ್ನೂ ಅಲ್ಲೇ ಇದೆ. ನಾನೂ ನನ್ನ ಹೆಂಡತಿ ಸುಧಾಳೂ ಮನೆ ಹುಡುಕಿಕೊಂಡು ಮೊದಲ ಸಲ ಅಲ್ಲಿಗೆ ಹೋದಾಗ ಬಂಡೆಯ ತಲೆಯ ಮೇಲೆ ಕಬ್ಬಿಣದ ಸರಳುಗಳೂ ಸಿಮೆಂಟ್ ಮೂಟೆಗಳೂ ಇದ್ದವು. ಬುಡದಲ್ಲಿ, ರಸ್ತೆಗೆ ಅಂಟಿಕೊಂಡು, ಎರಡು ಕೋಣೆಯ ಒಂದು ಹೊಸ ಮನೆ. ಮುಂದೆ ಚಿಕ್ಕ ವರಾಂಡ. ಮನೆ ಚೆನ್ನಾಗಿತ್ತು, ಆದರೆ ಎರಡೂ ಮೂಲೆಯಲ್ಲಿ ಗೋಡೆ ಗುಂಡಗೆ ಊದಿಕೊಂಡು ಮೇಲಕ್ಕೆ ಹೋಗಿ ಚೂಪಾಗಿತ್ತು. ಯಾಕೆ ಹೀಗೆ ಎಂದು ಕೇಳಿದೆ. ಮಾಲೀಕರಾದ ಮುನಿಯಪ್ಪನವರು ಹೆಮ್ಮೆಯಿಂದ ಹೇಳಿದರು: "ಇದು ಗೇಟ್ ಹೌಸು ಸಾರ್. ಫಾರಿನ್ನಾಗೆ ಕಾವಲವ್ರು ಇರೋ ಜಾಗ. ನೀವೇನು ಕಾವಲು ಕಾಯಬೇಡಿ. ಸುಮ್ನೆ ಇದ್ರೆ ಸಾಕು."

ಸುಮ್ಮನೆ ಇರುವುದು ನನಗೆ ಮೊದಲಿನಿಂದಲೂ ಒಗ್ಗಿದ ಕೆಲಸ. ಒಪ್ಪಿಕೊಂಡೆ. ನಾನು ಇತಿಹಾಸದ ಮೇಷ್ಟ್ರು ಎಂದು ಗೊತ್ತಾದ ಮೇಲೆ ಮುನಿಯಪ್ಪನವರ ಮುಖ ಅರಳಿಬಿಟ್ಟಿತು. ಸರಿಯಾದ ಬಾಡಿಗೆದಾರ ಸಿಕ್ಕ ಎಂದು ಅವರಿಗೆ ಅವತ್ತೇ ಅನ್ನಿಸಿರಬೇಕು. ಆಮೇಲೆ ಸಂಜೆಯಾದರೆ ಒಂದು ಕುರ್ಚಿ ಎಳೆದುಕೊಂಡು ವರಾಂಡದಲ್ಲಿ ಕೂತು ಬಂಡೆಯ ಕಥೆಯನ್ನು ಕಂತುಕಂತಾಗಿ ಹೇಳುತ್ತಿದ್ದರು. ನಾನು ಉತ್ತರ ಪತ್ರಿಕೆ ತಿದ್ದುತ್ತಾ ಹೂಂಗುಟ್ಟುತ್ತಿದ್ದೆ. ಆ ಕಥೆಯಲ್ಲಿ ನನಗೆ ಗಟ್ಟಿಯಾಗಿ ನಿಂತದ್ದು ಇಷ್ಟು. ಈಗ ಲೇಔಟ್ ಆಗಿರುವುದೆಲ್ಲ ಅವರ ತಾತನ ಕಾಲದಲ್ಲಿ ರಾಗಿ ಹೊಲ, ಜೋಳದ ಹೊಲ. ಬಂಡೆಯ ಮೇಲೆ ತಾತ ನಾಲ್ಕು ಕಂಬ ನೆಟ್ಟು ಅಟ್ಟಣೆ ಕಟ್ಟಿಕೊಂಡು, ಕವಣೆ ಹಿಡಿದು, ಗಿಳಿಗಳನ್ನು ಓಡಿಸುತ್ತಾ ಕೂತಿರುತ್ತಿದ್ದರಂತೆ. ಕೈಗೊಂದು ಹಳೆ ಡಬ್ಬ, ಬಡಿಯುವುದಕ್ಕೊಂದು ಕೋಲು. ಅಪ್ಪನ ಕಾಲಕ್ಕೆ ಅಟ್ಟಣೆ ಹೋಗಿ ಹೆಂಚಿನದೊಂದು ಕೊಠಡಿಯಾಯಿತು. ಪಂಪ್‌ಸೆಟ್ಟಿನ ಸಾಮಾನು ಇಡುವುದಕ್ಕೆ. ಆಮೇಲೆ ಹೊಲಗಳು ಲೇಔಟಿಗೆ ಹೋದವು. ಉಳಿದ ಜಮೀನನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಸಮತಟ್ಟಾಗಿದ್ದ ಜಾಗವೆಲ್ಲ ಅಣ್ಣ ರಾಮಣ್ಣನಿಗೆ ಹೋಯಿತು. ತಮ್ಮನಿಗೆ ಬುಡದಲ್ಲಿದ್ದ ಹಳೆ ಮನೆ, ಅದರ ಹಿಂದಿನ ಬಂಡೆ.

"ಪಾಲಾದ ದಿವ್ಸ ಪಂಚಾಯ್ತಿನಲ್ಲಿ ನಕ್ಬುಟ್ರು ಮೇಷ್ಟ್ರೇ," ಎಂದರು ಮುನಿಯಪ್ಪನವರು. "ನಮ್ಮಣ್ಣನೂ ನಕ್ಕ. 'ಬಂಡೆ ಮೇಲೆ ಏನ್ ಬೆಳೀತೀಯೋ ಮುನಿಯ?' ಅಂದ. ಅವತ್ತು ನಂಗೆ ಉತ್ರ ಹೊಳೀಲಿಲ್ಲ."

ಉತ್ತರ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ವಿದೇಶದಲ್ಲಿ. ಮುನಿಯಪ್ಪನವರು ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟು ಚೆನ್ನಾಗಿ ಬೆಳೆದಿದ್ದರು. ವ್ಯಾಪಾರಸ್ಥರನ್ನೆಲ್ಲ ಸಿಮೆಂಟು ಕಂಪನಿಯವರು ಒಂದು ಪ್ರವಾಸಕ್ಕೆ ಕರೆದುಕೊಂಡು ಹೋದರು. ಯಾವ ದೇಶ ಎಂದು ಕೇಳಿದರೆ ಅವರಿಗೆ ಖಾತ್ರಿಯಿಲ್ಲ. ಬಸ್ಸು ಒಂದೇ ದಿನದಲ್ಲಿ ಎರಡು ದೇಶ ದಾಟಿತ್ತಂತೆ. ಒಂದು ಬೆಟ್ಟದ ತುದಿಯಲ್ಲಿ ಕಲ್ಲಿನ ಕೋಟೆ. ಗೈಡ್ ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದಳು. "ಅದ್ರಲ್ಲಿ ನಂಗೆ ಅರ್ಥ ಆಗಿದ್ದು ಒಂದೇ ಮಾತು," ಎಂದು ಮುನಿಯಪ್ಪನವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. "ಮೊದ್ಲು ಕಾವಲಿಗೆ ಕಟ್ಟಿದ್ರಂತೆ, ಆಮೇಲೆ ಸಂಸಾರಕ್ಕೆ ಮಾಡ್ಕಂಡ್ರಂತೆ. ಯುದ್ಧ ಗಿದ್ಧ ಎಲ್ಲಾ ಮುಗೀತು, ದೊರೆ ಮದ್ವೆ ಆದ, ಕಿಟಕಿ ದೊಡ್ಡದು ಮಾಡ್ಸಿ ಹೆಂಡ್ತೀನ ಕರ್ಕಂಬಂದ. ತಕ್ಷಣ ನಮ್ಮ ಬಂಡೆ ಕಣ್ಮುಂದೆ ಬಂತು. ನಮ್ದೂ ಅದೇ ಅಲ್ವಾ ಮೇಷ್ಟ್ರೇ? ತಾತ ಕಾವಲಿದ್ದ. ನಾನು ಸಂಸಾರ ಮಾಡ್ತೀನಿ."

ನಾನು ತಿದ್ದುತ್ತಿದ್ದ ಪೆನ್ನನ್ನು ಕೆಳಗಿಟ್ಟೆ. ಬೆಟ್ಟದ ಕೋಟೆಗಳು ವಾಸದ ಅರಮನೆಗಳಾದ ಬಗೆಯನ್ನು ನಾನು ಮೂರು ಪಿರಿಯಡ್ಡು ತೆಗೆದುಕೊಂಡು, ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದರೂ ಮಕ್ಕಳು ಆಕಳಿಸುತ್ತವೆ. ಇವರು ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದರು.

ಕೋಟೆ ಕಟ್ಟಿದ್ದು ಒಂದು ಫೋಟೋ ನೋಡಿಕೊಂಡು. ಮುನಿಯಪ್ಪನವರು ಬಸ್ಸು ಹೊರಡುವ ಅವಸರದಲ್ಲಿ ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ. ಅದರಲ್ಲಿ ಕೋಟೆಯ ಮುಂಭಾಗ ಮಾತ್ರ ಇತ್ತು. ಎಡಗಡೆಯ ಕಾಲುಭಾಗವನ್ನು ಟೊಪ್ಪಿಗೆ ಹಾಕಿಕೊಂಡ ಯಾರೋ ಪ್ರವಾಸಿ ಹೆಂಗಸು ಮುಚ್ಚಿದ್ದಳು. ಮೇಸ್ತ್ರಿ ಸೆಲ್ವರಾಜು ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, "ಆಗುತ್ತೆ ಸಾರ್. ಈಯಮ್ಮನ ಹಿಂದೆ ಏನಿದೆ ಅದು ಒಂದು ಹೇಳ್ಬಿಡಿ" ಎಂದ. ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಆ ಜಾಗದಲ್ಲಿ ಕಾಂಪೌಂಡು ಗೋಡೆ ಬಂತು. ಕೋಟೆಯ ಹಿಂಭಾಗವಂತೂ ಫೋಟೋದಲ್ಲೇ ಇರಲಿಲ್ಲವಾದ್ದರಿಂದ ಸೆಲ್ವರಾಜು ತನಗೆ ಗೊತ್ತಿದ್ದಂತೆ ಕಟ್ಟಿದ. ಹೀಗಾಗಿ ಮುಂದಿನ ರಸ್ತೆಯಿಂದ ನೋಡಿದರೆ ಬುರುಜು, ಕಮಾನು, ಬಾಣ ಬಿಡುವ ಸೀಳುಕಿಂಡಿ. ಹಿಂದಿನ ರಸ್ತೆಯಿಂದ ನೋಡಿದರೆ ಕಬ್ಬಿಣದ ಗ್ರಿಲ್ಲು, ಬಟ್ಟೆ ಒಗೆಯುವ ಕಲ್ಲು, ನೈಟಿ ಒಣಹಾಕಿದ ತಂತಿ. ಹಿಂದಿನ ರಸ್ತೆಯಲ್ಲಿ ಇರುವ ಕೆಲವರಿಗೆ ತಾವು ಒಂದು ಕೋಟೆಯ ನೆರಳಿನಲ್ಲಿ ಬದುಕುತ್ತಿದ್ದೇವೆ ಎಂಬುದು ಇವತ್ತಿಗೂ ತಿಳಿದಿಲ್ಲ.

ಕಟ್ಟಡ ಏಳುವಾಗ ನನ್ನ ಸಲಹೆಯೂ ಬೇಕಾಗುತ್ತಿತ್ತು. ಬಂಡೆಯ ಮೇಲಿಂದ ಮುನಿಯಪ್ಪನವರು ಕೂಗಿದರೆ ಮೇಸ್ತ್ರಿಯನ್ನು ಕರೆದದ್ದೋ ಮೇಷ್ಟ್ರನ್ನು ಕರೆದದ್ದೋ ಗೊತ್ತಾಗದೆ ನಾವಿಬ್ಬರೂ ತಲೆಯೆತ್ತುತ್ತಿದ್ದೆವು. ಸಾಮಾನ್ಯವಾಗಿ ಕೆಲಸಕ್ಕೆ ಬಾರದವನೇ ಮೊದಲು ಹತ್ತಿ ಹೋಗುತ್ತಿದ್ದ. ಒಂದು ದಿನ ವಾಸ್ತು ನೋಡುವವರು ಬಂದಿದ್ದರು. ಬುರುಜು ಭಾರವಾದದ್ದು, ನೈಋತ್ಯದಲ್ಲೇ ಬರಬೇಕು ಎಂದರು. ಅದು ಸರಿಹೋಯಿತು. ಆದರೆ ಬುರುಜಿನ ಒಳಗಿನ ಗುಂಡನೆಯ ಕೋಣೆಗೆ ಕಾಲಿಟ್ಟ ಮೇಲೆ ಅವರು ದಿಕ್ಸೂಚಿ ಹಿಡಿದುಕೊಂಡು ಗಡಿಯಾರದ ಮುಳ್ಳಿನ ಹಾಗೆ ಮೂರು ಸುತ್ತು ಬಂದರು. "ಇದಕ್ಕೆ ಮೂಲೆಯೇ ಇಲ್ಲವಲ್ಲ, ಈಶಾನ್ಯ ಎಲ್ಲಿ ಅಂತ ಹೇಳಲಿ?" ಎಂದು ನನ್ನ ಮುಖ ನೋಡಿದರು. ಫಾರಿನ್ನಿನಲ್ಲಿ ದೋಷವೂ ಮೂಲೆ ಸಿಗದೆ ಸುತ್ತುತ್ತಾ ಇರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಆ ಮಾತನ್ನು ಒಪ್ಪಿಕೊಂಡುಬಿಟ್ಟರು. ಗೋಡೆಯ ತುದಿಯಲ್ಲಿ ಹಲ್ಲು ಹಲ್ಲಾಗಿ ಎದ್ದು ನಿಂತದ್ದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಮುನಿಯಪ್ಪನವರು ಇನ್ನೊಂದು ದಿನ ಕೇಳಿದರು. ತೆನೆ ಎಂದೆ. ಕೋಟೆಯ ತೆನೆ.

"ತೆನೆನಾ? ರಾಗಿ ತೆನೆ?"

"ಅದೇ ಪದ ಯಜಮಾನ್ರೇ."

ಅವರು ಅರೆಬರೆ ಒಣಗಿದ ಆ ಸಿಮೆಂಟಿನ ಹಲ್ಲುಗಳ ಮೇಲೆ ಕೈಯಾಡಿಸಿದರು. ಆಮೇಲೆ ಸೆಲ್ವರಾಜುವನ್ನು ಕರೆದು, ಇನ್ನೊಂದು ಸಾಲು ತೆನೆ ಹಾಕು ಎಂದರು. ನನ್ನ ಪದಸಂಪತ್ತಿನಿಂದ ಒಬ್ಬರ ಸಿಮೆಂಟು ಖರ್ಚಾದದ್ದು ಅದೇ ಮೊದಲು.

ಮೇಲೆ ಹೋಗುವುದಕ್ಕೆ ಬಂಡೆಯ ಮೈಮೇಲೇ ಮೆಟ್ಟಿಲು. ಎಷ್ಟು ಎಂದು ನಾನು ಎಣಿಸಿಲ್ಲ. ಎಣಿಸಿದವರಿಗೆ ಎರಡನೆಯ ಸಲ ಹತ್ತಲು ಧೈರ್ಯ ಬರಲಾರದು. ಫೋಟೋದಲ್ಲಿದ್ದ ಹಾಗೇ ಅದು ನಡುವೆ ಬಲಕ್ಕೆ ತಿರುಗಿಕೊಳ್ಳುತ್ತಿತ್ತು. ಹತ್ತಿ ಬರುವ ಶತ್ರುವಿಗೆ ಬಲಗೈಯಲ್ಲಿ ಕತ್ತಿ ಬೀಸಲು ಜಾಗ ಸಿಗಬಾರದು ಎಂದು ಹಾಗೆ ಮಾಡುತ್ತಿದ್ದರಂತೆ ಎಂದು ನಾನು ವಿವರಿಸಿದೆ. ಕತ್ತಿ ಹಿಡಿದವರು ಯಾರೂ ಬರಲಿಲ್ಲ. ಸೋಫಾ ಹೊತ್ತವರು ಬಂದರು. ತಿರುವಿನಲ್ಲಿ ಸೋಫಾ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ, ಕೊನೆಗೆ ಅದನ್ನು ಬಿಡಿಸಿ ಮುಂಭಾಗದಿಂದ ಹಗ್ಗ ಕಟ್ಟಿ ಎಳೆದರು. ರಸ್ತೆಯಲ್ಲಿ ಜನ ನಿಂತು ಕೈಚಪ್ಪಾಳೆ ತಟ್ಟಿದರು. ಕೋಟೆ ಕಂಡ ಮುತ್ತಿಗೆ ಅದೊಂದೇ.

ಗೃಹಪ್ರವೇಶದ ದಿನ ಮುನಿಯಪ್ಪನವರು ನನಗೆ ಒಂದು ಕೆಲಸ ಒಪ್ಪಿಸಿದ್ದರು. ಬಂದ ನೆಂಟರನ್ನು ಗುಂಪುಗುಂಪಾಗಿ ಕರೆದುಕೊಂಡು ಹೋಗಿ ಕೋಟೆಯ ಇತಿಹಾಸವನ್ನೂ ಕಟ್ಟಡದ ವಿಶೇಷಗಳನ್ನೂ ಹೇಳಬೇಕು. ನಾನು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ತಾತನ ಅಟ್ಟಣೆಯಿಂದ ಶುರುಮಾಡಿ ಬಾಣದ ಕಿಂಡಿಯವರೆಗೆ ಬಂದೆ. ನೆಂಟರು ಸಭ್ಯರು, ಕೇಳಿಸಿಕೊಂಡರು. ಪ್ರಶ್ನೆಗಳಿದ್ದರೆ ಕೇಳಿ ಎಂದೆ. "ಊಟ ಎಲ್ಲಿ ಸಾರ್, ಮೇಲೋ ಕೆಳಗೋ?" ಎಂದು ಒಬ್ಬರು ಕೇಳಿದರು. ಬಾಣದ ಕಿಂಡಿಗೆ ಸೊಳ್ಳೆ ಪರದೆ ಹಾಕಿಸಿದ್ದನ್ನು ಕಂಡು ಒಬ್ಬ ಅಜ್ಜಿ ಮಾತ್ರ ನಿಜವಾಗಿ ಮೆಚ್ಚಿಕೊಂಡರು.

ಆದರೆ ಆ ಇಡೀ ದಿನ ಮುನಿಯಪ್ಪನವರ ಕಣ್ಣು ಇದ್ದದ್ದು ಮೆಟ್ಟಿಲಿನ ಕಡೆಗೆ. ಅಣ್ಣ ರಾಮಣ್ಣ ಮಧ್ಯಾಹ್ನದ ಹೊತ್ತಿಗೆ ಬಂದರು. ದಪ್ಪ ಮನುಷ್ಯ, ಬಿಳಿ ಪಂಚೆ, ಹೆಗಲ ಮೇಲೆ ಟವಲು. ಹತ್ತುತ್ತಾ ಅಲ್ಲಲ್ಲಿ ನಿಂತು, ಬೆವರು ಒರೆಸಿಕೊಂಡು, ಮೇಲೆ ಬಂದವರೇ ತೆನೆಗೋಡೆಗೆ ಒರಗಿ ನಿಂತುಬಿಟ್ಟರು. ನಾನು ಇತಿಹಾಸ ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ತಾತನ ಅಟ್ಟಣೆ ಇಲ್ಲೇ ಇತ್ತಲ್ವೇನೋ?" ಎಂದು ತಮ್ಮನನ್ನು ಕೇಳಿದರು.

"ಹೂಂ ಅಣ್ಣಯ್ಯ. ಅದೇ ಜಾಗ."

"ಊಟ ಹೊತ್ಕಂಡು ನಾವಿಬ್ರೂ ಬರ್ತಿದ್ವಿ." ರಾಮಣ್ಣ ಟೆರೇಸುಗಳನ್ನು, ನೀರಿನ ಟ್ಯಾಂಕುಗಳನ್ನು ನೋಡುತ್ತಾ ನಿಂತರು. "ನಂಗೆ ಈ ಬಂಡೆ ಬಂದಿದ್ರೆ ಒಡ್ಸಿ ಜಲ್ಲಿ ಮಾರ್ಬುಡ್ತಿದ್ದೆ ಕಣೋ ಮುನಿಯ. ನೀನು ಉಳಿಸ್ಕಂಡೆ."

ಅಷ್ಟೇ ಮಾತು. ಮುನಿಯಪ್ಪನವರು ಏನೋ ಕೆಲಸವಿದೆ ಎಂದು ಅಡುಗೆ ಮನೆಯ ಕಡೆ ಸರಸರನೆ ಹೋದರು. ಆಮೇಲೆ ನೋಡಿದರೆ ಬಡಿಸುವವರ ಕೈಯಿಂದ ಬಕೆಟ್ಟು ಕಿತ್ತುಕೊಂಡು, ಬೇಡ ಬೇಡ ಎಂದರೂ ಬಿಡದೆ ಎಲ್ಲರಿಗೂ ಪಾಯಸ ಸುರಿಯುತ್ತಿದ್ದರು. ಕಣ್ಣು ಕೆಂಪಾಗಿತ್ತು. ಒಲೆಯ ಹೊಗೆ ಎಂದರು. ಒಲೆ ಗ್ಯಾಸಿನದು.

ನನ್ನ ತೊಂದರೆ ಶುರುವಾದದ್ದು ಇದಾದ ಮೇಲೆ. ಮುನಿಯಪ್ಪ ದಂಪತಿಗಳು ಬುಡದ ಹಳೆ ಮನೆಯಿಂದ ಮೇಲಕ್ಕೆ ಹೋದರು. ಹಳೆ ಮನೆಯನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. ಅದರ ಜೊತೆ ಹೋದದ್ದು ಆ ಮನೆಯ ಜಗುಲಿ. ಮುನಿಯಪ್ಪನವರ ಹೆಂಡತಿ ಪಿಳ್ಳಮ್ಮನವರು ಮದುವೆಯಾಗಿ ಬಂದಾಗಿನಿಂದ ಬೆಳಿಗ್ಗೆ ಅಡುಗೆ ಮುಗಿಸಿ ಆ ಜಗುಲಿಯಲ್ಲಿ ಕೂರುತ್ತಿದ್ದರಂತೆ. ಹಳೆ ಊರಿನ ಗೆಳತಿಯರು ಮೂರ್ನಾಲ್ಕು ಜನ ಬಂದು ಸೇರುತ್ತಿದ್ದರು. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಇಡೀ ಕತ್ರಿಗುಪ್ಪೆಯ ಆಗುಹೋಗುಗಳನ್ನು ವಿಚಾರಣೆ ಮಾಡಿ ತೀರ್ಪು ಕೊಡುವುದು. ಈಗ ಜಗುಲಿಯಿಲ್ಲ. ಗೆಳತಿಯರು ಒಂದು ಸಲ ಕಷ್ಟಪಟ್ಟು ಮೇಲೆ ಹತ್ತಿದರು, ಕಾಫಿ ಕುಡಿದರು, ಮತ್ತೆ ಬರಲಿಲ್ಲ. ಎಲ್ಲರಿಗೂ ಅರವತ್ತರ ಮೇಲೆ; ಎಲ್ಲರಿಗೂ ಮಂಡಿ.

ಪಿಳ್ಳಮ್ಮನವರಿಗೂ ಮಂಡಿ. ಮೇಲೆ ಅವರೊಬ್ಬರೇ. ಯಜಮಾನರು ಅಂಗಡಿಗೆ ಹೋದರೆ ಸಂಜೆ ಬರುವುದು. ಮಗಳು ಮದುವೆಯಾಗಿ ಸಿದ್ದಾಪುರದಲ್ಲಿದ್ದಾಳೆ, ಭಾನುವಾರ ಬರುತ್ತಾಳೆ. ಅಡುಗೆಮನೆಯಲ್ಲಿ ಹೊಗೆ ಎಳೆಯುವ ಚಿಮಣಿ, ಗಾಜಿನ ಒಲೆ. ಆ ನುಣುಪಿನ ಮೇಲೆ ಮುದ್ದೆ ತೊಳಸಲು ಹೋದರೆ ಪಾತ್ರೆ ಜಾರುತ್ತದೆ ಎಂದು ನನ್ನ ಹೆಂಡತಿಯ ಹತ್ತಿರ ದೂರಿದರು. "ಹಿಟ್ಟು ತಿರುವಾಣ ಅಂತ ಕೋಲು ಹಾಕಿದ್ರೆ ಪಾತ್ರೆನೇ ಸುತ್ತು ಹೊಡೀತದೆ ಸುಧಮ್ಮ. ಅದ್ರ ಹಿಂದೆ ನಾನೂ ಸುತ್ತು ಹೊಡೀಬೇಕು." ಹೀಗೆ ದೂರಲು ಬಂದವರು ನಮ್ಮ ವರಾಂಡದಲ್ಲಿ ಕೂತರು. ಮಾರನೆಯ ದಿನವೂ ಕೂತರು. ಅವರು ಕೂತದ್ದನ್ನು ಕಂಡು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಗೆಳತಿ ಬಂದರು. ವಾರ ಕಳೆಯುವುದರೊಳಗೆ ಹಳೆಯ ಜಗುಲಿ ಪೂರ್ತಿಯಾಗಿ ನಮ್ಮ ವರಾಂಡಕ್ಕೆ ವರ್ಗವಾಗಿತ್ತು.

ಸುಧಾಳಿಗೆ ಸಂಭ್ರಮ. ಅವಳಿಗೆ ಸುಲಿದ ಅವರೆಕಾಳು ಸಿಗುತ್ತಿತ್ತು, ಸುದ್ದಿಯೂ ಸಿಗುತ್ತಿತ್ತು. ಕಾಲೇಜು ಬೇಗ ಮುಗಿದು ಮನೆಗೆ ಬಂದರೆ ಕಷ್ಟ ನನಗೆ. ನನ್ನ ಮನೆಗೆ ನಾನೇ 'ಸ್ವಲ್ಪ ದಾರಿ ಬಿಡಿ ಅಮ್ಮ' ಎನ್ನುತ್ತಾ ಸಿಪ್ಪೆಯ ರಾಶಿ ದಾಟಿಕೊಂಡು ಹೋಗಬೇಕು. ಒಳಗೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರೆ ಹೊರಗಿನಿಂದ ಯಾರದೋ ಸೊಸೆಯ ವಿಚಾರಣೆ ಕೇಳಿಬರುತ್ತದೆ. ಒಂದು ಸಲ ನಾನು ಯಾವುದೋ ಒಪ್ಪಂದದ ಷರತ್ತುಗಳನ್ನು ತಪ್ಪಾಗಿ ಬರೆದಿದ್ದ ಹುಡುಗಿಗೆ ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದೆ; ಹೊರಗೆ ನಡೆಯುತ್ತಿದ್ದ ಆಸ್ತಿ ಪಾಲಿನ ಕಥೆ ಅಷ್ಟು ಬಿಗಿಯಾಗಿತ್ತು. ಇದನ್ನು ಮುನಿಯಪ್ಪನವರಿಗೆ ಹೇಗಾದರೂ ಸೂಕ್ಷ್ಮವಾಗಿ ಹೇಳಬೇಕು ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಜೋಡಿಸಿ ಮುಗಿಯುವ ಮೊದಲೇ ಆ ಸಂಜೆ ಬಂತು.

ಗೆಳತಿಯರು ಎದ್ದು ಹೋಗಿದ್ದರು. ಪಿಳ್ಳಮ್ಮನವರು ಅವರೆಕಾಳಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಸೋಫಾ ಸಿಕ್ಕಿಕೊಂಡಿದ್ದ ಆ ತಿರುವಿನಲ್ಲಿ ನಿಂತರು. ಆಮೇಲೆ ಮೆಲ್ಲಗೆ ಕೂತರು. ಸುಧಾ ಕಿಟಕಿಯಿಂದ ನೋಡಿ, ಸುಧಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಳು. ಕತ್ತಲಾಗುತ್ತಾ ಬಂದರೂ ಅವರು ಏಳಲಿಲ್ಲ. ಅಷ್ಟರಲ್ಲಿ ಹಿಂದಿನ ರಸ್ತೆಯಲ್ಲಿ ಸ್ಕೂಟರು ನಿಲ್ಲಿಸಿ ಆ ಕಡೆಯ ಕಡಿದಾದ ದಾರಿಯಿಂದ ಮೇಲೆ ಹೋಗಿದ್ದ ಮುನಿಯಪ್ಪನವರು ತೆನೆಗೋಡೆಯಿಂದ ಬಗ್ಗಿ ಕೂಗಿದರು: "ಯಾಕೆ ಅಲ್ಲಿ ಕುಂತೆ? ಬಾ ಮೇಲಕ್ಕೆ!"

ಸುಧಾ ಓಡಿದಳು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಎಂದೂ ತೋಚಿಲ್ಲ. ಕೈಗೆ ಸಿಕ್ಕ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿಕೊಂಡು ನಾನೂ ಹೋದೆ.

"ಕುರ್ಚಿ ಯಾಕೆ ಮೇಷ್ಟ್ರೇ, ಕುಂತಾಗೈತಲ್ಲ," ಎಂದರು ಪಿಳ್ಳಮ್ಮನವರು. ಮುಖದಲ್ಲಿ ಕೋಪವಿರಲಿಲ್ಲ, ಬರೀ ಆಯಾಸ. ಮುನಿಯಪ್ಪನವರು ದಡದಡನೆ ಇಳಿದು ಬಂದರು. ನೋವಾ, ಡಾಕ್ಟರ ಹತ್ತಿರ ಹೋಗೋಣವಾ ಎಂದರು. ಲಿಫ್ಟ್ ಹಾಕಿಸಲು ಆಗುತ್ತದೆಯೋ ಎಂದು ಮತ್ತೆ ವಿಚಾರಿಸುತ್ತೇನೆ ಎಂದರು. ಅದನ್ನು ಮೊದಲೇ ವಿಚಾರಿಸಿ ಆಗಿತ್ತು. ಲಿಫ್ಟಿಗೆ ಬಂಡೆ ಕೊರೆಯಬೇಕು, ಕೊರೆದರೆ ಮೇಲಿನ ಗೋಡೆ ಬಿರುಕು ಬಿಡುತ್ತದೆ ಎಂದು ಇಂಜಿನಿಯರು ಹೇಳಿ ಹೋಗಿದ್ದರು.

ಪಿಳ್ಳಮ್ಮನವರು ಗಂಡನನ್ನು ಎಲ್ಲರ ಎದುರು 'ನೀವು' ಎಂದೇ ಕರೆಯುತ್ತಿದ್ದರು. ಅವತ್ತು ಕರೆಯಲಿಲ್ಲ.

"ಇದನ್ನ ಯಾರಿಗೆ ಅಂತ ಕಟ್ಟಿಸ್ದೆ?"

"ನಿಂಗೇ ಕಣೆ. ರಾಣಿ ಹಂಗೆ ಇರ್ಲಿ ಅಂತ."

"ನಂಗಲ್ಲ. ನಿಮ್ಮಣ್ಣ ನೋಡ್ಲಿ ಅಂತ ಕಟ್ಟಿಸ್ದೆ. ಅವ್ರು ಬಂದ್ರು, ನೋಡಿದ್ರು, ಉಂಡ್ರು, ಹೋದ್ರು. ಅಲ್ಲಿ ಇರೋಳು ನಾನು." ಅವರು ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದರು. "ಮ್ಯಾಲೆ ಗಾಳಿ ಚೆನ್ನಾಗೈತೆ, ಇಲ್ಲ ಅನ್ನಕಿಲ್ಲ. ಗಾಳಿ ಜೊತೆ ಎಷ್ಟೊತ್ತು ಅಂತ ಮಾತಾಡಾದು?"

ಮುನಿಯಪ್ಪನವರು ಒಂದು ಮೆಟ್ಟಿಲು ಕೆಳಗೆ ಕೂತರು. ನಾವಿದ್ದೇವೆ ಎಂಬುದನ್ನು ಮರೆತವರ ಹಾಗೆ ಹೆಂಡತಿಯ ಮಂಡಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತತೊಡಗಿದರು. ಸುಧಾ ನನಗೆ ಕಣ್ಸನ್ನೆ ಮಾಡಿದಳು, ಕೆಳಗೆ ಹೋಗೋಣ ಎಂದು. ನಾನು ಅದನ್ನು ಕೂತುಕೊಳ್ಳಿ ಎಂದು ಅರ್ಥಮಾಡಿಕೊಂಡು, ತಂದಿದ್ದ ಕುರ್ಚಿ ಹಾಕಿಕೊಂಡು ಅಲ್ಲೇ ಕೂತೆ. ಗಿರಿನಗರದ ಕಡೆ ದೀಪಗಳು ಹತ್ತಿಕೊಳ್ಳುತ್ತಿದ್ದವು.

ನಾನು ಜೋಡಿಸಿಕೊಂಡಿದ್ದ ಮಾತುಗಳನ್ನು ಅಲ್ಲಿಗೇ ಬಿಟ್ಟೆ. ವರಾಂಡದ ಬಗ್ಗೆ ದೂರು ಹೇಳಲು ಆಮೇಲೆ ಬಾಯಿ ಹೇಗೆ ಬರಬೇಕು?

ಕೆಲವು ದಿನ ಕಳೆದು ಮುನಿಯಪ್ಪನವರು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಾಲೀಕರು ಹಣ್ಣು ಹಿಡಿದುಕೊಂಡು ಬಂದರೆ ಅದು ಮನೆ ಬಿಡಿಸಲಿಕ್ಕೇ ಎಂದು ಯಾವ ಬಾಡಿಗೆದಾರನಿಗೂ ಗೊತ್ತು. ಅವರು ಕುರ್ಚಿಯ ತುದಿಯಲ್ಲಿ ಕೂತು ಗೋಡೆ ನೋಡಿದರು, ಫ್ಯಾನು ನೋಡಿದರು. ನಾನು ಆಗಲೇ ಮನಸ್ಸಿನಲ್ಲಿ ಪುಸ್ತಕಗಳನ್ನು ಡಬ್ಬಕ್ಕೆ ತುಂಬಿ, ಬಿಟಿಎಂ ಲೇಔಟಿನಿಂದ ಜೆ.ಪಿ. ನಗರದವರೆಗೆ ಮನೆ ಹುಡುಕುತ್ತಾ ಅಲೆದು, ದಲ್ಲಾಳಿಯೊಬ್ಬನ ಜೊತೆ ಜಗಳವನ್ನೂ ಆಡಿ ಮುಗಿಸಿದ್ದೆ.

"ಮೇಷ್ಟ್ರೇ, ಒಂದು ಮಾತು. ತಪ್ಪು ತಿಳೀಬಾರ್ದು."

"ಯಾವಾಗ ಖಾಲಿ ಮಾಡ್ಬೇಕು ಹೇಳಿ ಯಜಮಾನ್ರೇ," ಎಂದೆ, ಸಾಧ್ಯವಾದಷ್ಟು ಗಂಭೀರವಾಗಿ.

"ಖಾಲಿನಾ? ಯಾಕೆ ಖಾಲಿ ಮಾಡ್ತೀರಿ? ಮ್ಯಾಲಕ್ಕೆ ಹೋಗಿ ಅಂತ ಕೇಳಕ್ಕೆ ಬಂದೆ. ನೀವು ಕ್ವಾಟೆನಾಗಿರಿ. ನಾವು ಇಲ್ಲಿರ್ತೀವಿ. ಬಾಡಿಗೆ ಎಷ್ಟೈತೋ ಅಷ್ಟೇ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸುಧಾಳಿಗೆ ಬೇಕಾಗಲಿಲ್ಲ. ಅವಳು ಕೇಳಿದ್ದು ಬೇರೆ: "ನಿಮ್ಮಣ್ಣನವರು ಏನಂತಾರೋ ಅಂಕಲ್?"

ಮುನಿಯಪ್ಪನವರು ತಲೆ ತಗ್ಗಿಸಿದರು. ಅದಕ್ಕಾಗಿಯೇ ಇಷ್ಟು ದಿನ ಒದ್ದಾಡಿದೆ ಎಂದರು. ಜೀವಮಾನದ ದುಡಿಮೆ ಹಾಕಿ ಕೋಟೆ ಕಟ್ಟಿ, ಕಾವಲುಗಾರನ ಮನೆಯಲ್ಲಿ ಸಂಸಾರ ಮಾಡುತ್ತಾನೆ ಎಂದು ಊರು ಮತ್ತೆ ನಗುತ್ತದೆ, ಅಣ್ಣ ಮೊದಲು ನಗುತ್ತಾನೆ ಎಂದುಕೊಂಡಿದ್ದರಂತೆ. ನಗುವುದಾದರೆ ನನ್ನ ಎದುರಿಗೇ ನಕ್ಕುಬಿಡಲಿ ಎಂದು ತಾವೇ ಹೋಗಿ ಹೇಳಿದರಂತೆ. "ಅವ್ನು ನಗ್ಲಿಲ್ಲ ಮೇಷ್ಟ್ರೇ. 'ಒಳ್ಳೇದಾಯ್ತು ಕಣೋ, ಕೆಳಗಿದ್ರೆ ನಾನೂ ದಿನಾ ಬಂದ್ಹೋಗ್ತೀನಿ. ಅವತ್ತು ಹತ್ತಿದ್ದಕ್ಕೆ ಮೂರು ದಿವ್ಸ ಮಲಗಿದ್ದೆ, ಯಾರ್ಗೂ ಹೇಳ್ಲಿಲ್ಲ' ಅಂದ." ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು. ನಾವು ಬಾಳೆಹಣ್ಣು ತಿಂದೆವು.

ಹೀಗೆ ಕೋಟೆ ಕೈ ಬದಲಾಯಿತು. ಒಂದು ತೊಟ್ಟು ರಕ್ತ ಹರಿಯಲಿಲ್ಲ. ಈಗ ಕೆಳಗಿನ ವರಾಂಡದಲ್ಲಿ ಪಿಳ್ಳಮ್ಮನವರ ದರ್ಬಾರು. ಅವರು ಗಾಜಿನ ಒಲೆಯನ್ನು ನಮಗೆ ಬಿಟ್ಟು, ತಮ್ಮ ಹಳೆಯ ಕಬ್ಬಿಣದ ಒಲೆಯನ್ನು ಹುಡುಕಿಸಿ ತರಿಸಿಕೊಂಡಿದ್ದಾರೆ. ರಾಮಣ್ಣ ಸಂಜೆ ಬರುತ್ತಾರೆ. ಅಣ್ಣತಮ್ಮಂದಿರು ಎರಡು ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂರುತ್ತಾರೆ. ಒಮ್ಮೊಮ್ಮೆ ಪಿಳ್ಳಮ್ಮನವರು ಒಳಗಿನಿಂದ, "ಇಬ್ರೂ ಸೇರ್ಕಂಡು ಗಿಳಿ ಓಡಿಸ್ತಾ ಇದ್ದೀರಾ?" ಎಂದು ಕೇಳುತ್ತಾರೆ.

ಕೋಟೆಯಲ್ಲಿ ವಾಸಿಸುವುದರ ಬಗ್ಗೆ ಇನ್ನು ಮುಂದೆ ನಾನು ಅಧಿಕಾರದಿಂದ ಮಾತಾಡಬಲ್ಲೆ. ಗುಂಡನೆಯ ಕೋಣೆಗೆ ಬೀರು ಹೊಂದುವುದಿಲ್ಲ. ಅದು ಗೋಡೆಗೆ ಬೆನ್ನು ಕೊಟ್ಟು ನಿಂತರೂ ಹಿಂದೆ ಎರಡು ಬದಿಯಲ್ಲಿ ಸಂದು ಉಳಿದು, ಬೀಗದ ಕೈ, ಬಾಚಣಿಗೆ, ನನ್ನ ಓದುವ ಕನ್ನಡಕ ಎಲ್ಲ ಅದರೊಳಗೆ ಬೀಳುತ್ತವೆ. ಸುಧಾ ಅದನ್ನು ಖಜಾನೆ ಎಂದು ಕರೆಯುತ್ತಾಳೆ. ಗ್ಯಾಸ್ ಸಿಲಿಂಡರ್ ತರುವವನು ಕೆಳಗಿನಿಂದಲೇ ಫೋನ್ ಮಾಡಿ, "ಸಾರ್, ಸ್ವಲ್ಪ ಇಳಿದು ಬನ್ನಿ, ಜೊತೆಗೆ ಹಿಡ್ಕೊಳ್ಳಿ" ಎನ್ನುತ್ತಾನೆ. ಉ‌ಪ್ಪು ತರಲು ಮರೆತರೆ ಆ ದಿನ ಸಪ್ಪೆ ಊಟ. ಬೆಟ್ಟದ ಕೋಟೆಗಳನ್ನು ಬಿಟ್ಟು ದೊರೆಗಳು ಬಯಲಿಗೆ ಇಳಿದು ಅರಮನೆ ಕಟ್ಟಿಕೊಂಡದ್ದೇಕೆ ಎಂಬ ಪ್ರಶ್ನೆ ಪರೀಕ್ಷೆಗೆ ಬರುತ್ತಿರುತ್ತದೆ. ಫಿರಂಗಿ ಬಂತು, ಶಾಂತಿ ನೆಲೆಸಿತು, ವ್ಯಾಪಾರ ಬೆಳೆಯಿತು ಎಂದು ನಾನು ನೋಟ್ಸ್ ಕೊಡುತ್ತಿದ್ದೆ. ಈ ವರ್ಷ ಕ್ಲಾಸಿನಲ್ಲಿ ಹೇಳುವಾಗ, ದೊರೆಗಳಿಗೂ ದೊರೆಸಾನಿಯರಿಗೂ ವಯಸ್ಸಾಗುತ್ತಿತ್ತು ಎಂಬುದನ್ನೂ ಸೇರಿಸಿದೆ. ಯಾರೂ ಆಕಳಿಸಲಿಲ್ಲ.

ಇಷ್ಟೆಲ್ಲ ಹೇಳಿದವನು ಕಳೆದ ಭಾನುವಾರದ ಸಂಗತಿಯನ್ನೂ ಹೇಳಿಬಿಡಬೇಕು. ಬೆಳಿಗ್ಗೆ ನಾನು ತೆನೆಗೋಡೆಯ ಹತ್ತಿರ ನಿಂತು ಹಲ್ಲುಜ್ಜುತ್ತಿದ್ದೆ. ಕೆಳಗೆ ಗಣಪತಿ ಉತ್ಸವದ ಚಂದಾಕ್ಕೆ ಬಂದ ಯುವಕರ ಗುಂಪು, ಎಲ್ಲರೂ ಬೀದಿಗೆ ಹೊಸಬರು. ಗೇಟಿನ ಬಳಿ ಬನಿಯನ್ನಿನಲ್ಲಿ ನಿಂತಿದ್ದ ಮುನಿಯಪ್ಪನವರನ್ನು ಒಬ್ಬ, "ವಾಚ್‌ಮ್ಯಾನ್ ಅಣ್ಣ, ಓನರ್ ಇದಾರಾ?" ಎಂದು ಕೇಳಿದ್ದು ನನಗೆ ಮೇಲಿನವರೆಗೂ ಕೇಳಿಸಿತು. ಮುನಿಯಪ್ಪನವರು ಒಂದು ಕ್ಷಣವೂ ತಡಮಾಡದೆ ಮೇಲಕ್ಕೆ ಕೈ ತೋರಿಸಿ, "ಅವ್ರೆ, ಹೋಗಿ ಹೋಗಿ" ಎಂದರು. ಹುಡುಗರು ಏದುಸಿರು ಬಿಡುತ್ತಾ ಹತ್ತಿ ಬಂದರು. ಕಮಾನು ನೋಡಿದರು, ಬುರುಜು ನೋಡಿದರು, ಆಮೇಲೆ ನನ್ನನ್ನು ನೋಡಿ ಕೈ ಮುಗಿದರು. "ಸಖತ್ತಾಗಿದೆ ಸಾರ್. ಇಷ್ಟನ್ನೂ ನೀವೇ ಕಟ್ಸಿದ್ದಾ?"

ಅಲ್ಲ ಎನ್ನುವುದು ಕನ್ನಡದಲ್ಲಿ ಎರಡೇ ಅಕ್ಷರ. ನಾನು ಬಾಯಿ ಮುಕ್ಕಳಿಸಿ, ಟವಲನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡು, ಒಳಗಿದ್ದ ಸುಧಾಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ಬನ್ನಿ, ಒಳಗೆ ಬನ್ನಿ. ಮೊದಲು ಈ ಬಾಣದ ಕಿಂಡಿ ನೋಡಿ" ಎಂದೆ.